ಹವಾಲ್ದಾರ ಮಾಮಾನ ಹದಿಮೂರು ದಿನ

ನಮ್ಮ ಮಂಗಸೂಳಿಯ ಮಂದಿಯನ್ನು ಕೇಳಿ ನೋಡಿ, ಹವಾಲ್ದಾರ ಮಾಮಾ ಅಂದರೆ ಹದಿಮೂರು ದಿನ. 1971ರ ಡಿಸೆಂಬರ್ 3ಕ್ಕೆ ಶುರುವಾಗಿ 16ಕ್ಕೆ ಮುಗಿದ ಲಡಾಯಿ. ಮನುಷ್ಯ ಅದರ ಹಿಂದೆ ಇಪ್ಪತ್ತಕ್ಕೂ ಮಿಕ್ಕಿ, ಅದರ ಮುಂದೆ ಐವತ್ತಕ್ಕೂ ಮಿಕ್ಕಿ ವರ್ಷ ಬದುಕಿದರು. ಖಂಡೋಬನ ಗುಡಿ ಕಡೆಯ ಚಹಾದಂಗಡಿಯಲ್ಲಿ ಅದ್ಯಾವುದೂ ಲೆಕ್ಕಕ್ಕಿಲ್ಲ. ಅಲ್ಲಿ ಮಾಮಾ ಇವತ್ತಿಗೂ ಒಂದು ಕೈಯಲ್ಲಿ ಸ್ಟೆನ್‌ಗನ್ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಬ್ರಹ್ಮಪುತ್ರಾ ನದಿ ಈಸುತ್ತಿದ್ದಾರೆ. ಕಥೆ ಹೇಳುವವನ ವಯಸ್ಸು ಕಡಿಮೆಯಾದಷ್ಟೂ ನದಿ ಅಗಲ ಆಗುತ್ತದೆ.

ಮಾಮಾಗೆ ಈಸು ಬರುತ್ತಿರಲಿಲ್ಲ. ಇದನ್ನು ನನಗೆ ಹೇಳಿದವರು ಮಾಮಿ, ಹಿತ್ತಲ ಗೋಡೆಯ ಆ ಕಡೆ ಹುಣಸೆಹಣ್ಣು ಬಿಡಿಸುತ್ತ ಕೂತಾಗ.

“ಈಸೂದಾ? ಹೊಲದಾಗಿನ ಬಾವ್ಯಾಗ ಇಳದು ಮೋಟಾರದ ಫುಟ್‌ವಾಲ್ ತಗೀರಿ ಅಂದ್ರ ನಡಕ್ಕ ಹಗ್ಗಾ ಕಟಗೊಂಡ ಇಳೀತಿದ್ರೋ ತಮ್ಮಾ. ಹಗ್ಗದ ಆ ತುದಿ ನನ್ನ ಕೈಯಾಗ. ಬ್ರಹ್ಮಪುತ್ರಾ ಎಲ್ಲಿ ಈಸ್ತಾರು?”

“ಮತ್ತ ನದಿ ಹೆಂಗ ದಾಟಿದ್ರರಿ ಮಾಮಿ?”

“ಡೋಣ್ಯಾಗ. ಎಲ್ಲಾರೂ ದಾಟಿಧಂಗ.”

ನಮ್ಮೆರಡು ಮನೆಗಳ ನಡುವಿನ ಗೋಡೆ ಎದೆಮಟ್ಟಕ್ಕಿದೆ. ಎತ್ತರಿಸಬೇಕು ಅಂತ ಎರಡೂ ಮನೆಯವರು ಕೂಡಿ ಒಮ್ಮೆ ಇಟ್ಟಂಗಿ ಇಳಿಸಿದ್ದುಂಟು. ಆ ಇಟ್ಟಂಗಿಯ ಮೇಲೆ ಈಗ ಹೀರೇಬಳ್ಳಿ ಹಬ್ಬಿದೆ. ಗೋಡೆ ಎತ್ತರವಾಗಿದ್ದರೆ ಈ ಹರಟೆಯೂ ಇರುತ್ತಿರಲಿಲ್ಲ, ಮಾಮಾನ ಬಗ್ಗೆ ನನಗೂ ಚಹಾದಂಗಡಿಯಷ್ಟೇ ಗೊತ್ತಿರುತ್ತಿತ್ತು.

ನಮ್ಮ ಕಡೆಯ ಹುಡುಗರು ಮಿಲ್ಟ್ರಿಗೆ ಹೋಗುವುದು ಹೊಸದೇನಲ್ಲ. ಕೃಷ್ಣೆಯ ಆಚೆ, ಶಿರೋಳ ತಾಲೂಕಿನಲ್ಲಿ ಟಾಕಳಿ ಅಂತ ಒಂದು ಊರಿದೆ. ಮಂದಿ ಫೌಜಿಗೆ ಹೋಗಿ ಹೋಗಿ ಅದರ ಹೆಸರೇ ಸೈನಿಕ ಟಾಕಳಿ ಆಗಿಬಿಟ್ಟಿದೆ. ನಮ್ಮೂರಿಗೆ ಅಂಥ ಬಿರುದಿಲ್ಲ. ನಮಗೆ ಮಲ್ಲಯ್ಯ, ಅಂದರೆ ಅದೇ ಖಂಡೋಬ, ಸಾಕು. ಕುದುರೆ ಏರಿ, ಖಡ್ಗ ಹಿಡಿದು, ಜೊತೆಗೊಂದು ನಾಯಿ ಕಟ್ಟಿಕೊಂಡು ಮಣಿ, ಮಲ್ಲ ಎಂಬ ದೈತ್ಯರ ಮೇಲೆ ಏರಿ ಹೋದ ದೇವರು. ದೇವರೇ ಕುದುರೆ ಮೇಲೆ ಕೂತ ಊರಲ್ಲಿ ಹುಡುಗರು ಮನೆಯಲ್ಲಿ ಕೂರುವುದಿಲ್ಲ ಅನ್ನುವುದು ಮಾಮಾನ ವಾದ. ಮಾಮಿಯದು ಬೇರೆ. “ಸಾಲಾಗಿ ಎರಡ ವರ್ಷ ಜ್ವಾಳಾ ಬೆಳೀಲಿಲ್ಲಂತ, ಅದಕ್ಕ ಹ್ವಾದ್ರು.” ನಾನು ಮಾಮಿಯ ಕಡೆ. ಆಗಿನ್ನೂ ಊರ ಸುತ್ತ ಈಗಿನ ಹಾಗೆ ಕಬ್ಬು ನಿಂತಿರಲಿಲ್ಲ.

ಬೆಳಗಾವಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿಯ ಸೆಂಟರ್ ಇರುವುದು 1922ರಿಂದ. ರೆಜಿಮೆಂಟಿನ ಬೇರು 1768ಕ್ಕೆ ಹೋಗುತ್ತದೆ. ಹೆಸರು ಮರಾಠಾ ಆದರೂ ನಮ್ಮ ಕನ್ನಡದ ಹುಡುಗರೂ ಕೊಡಗಿನವರೂ ಅದರಲ್ಲಿ ಸೇರುತ್ತ ಬಂದಿದ್ದಾರೆ. ಉಗಾರದಲ್ಲಿ ರೈಲು ಹತ್ತಿದ ಮಾಮಾ ಬೆಳಗಾವಿಯಲ್ಲಿ ಇಳಿದಾಗ ಕೈಯಲ್ಲಿದ್ದದ್ದು ಒಂದು ಗಂಟು, ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಒಂದು ಚಿಟಿಕೆ ಭಂಡಾರ. ಅಲ್ಲಿ ಮೊದಲು ಎದೆ ಅಳೆದರು, ಆಮೇಲೆ ತಲೆ ಬೋಳಿಸಿದರು, ಆಮೇಲೆ ನಡೆಯಲು ಕಲಿಸಿದರು. ಇಪ್ಪತ್ತು ವರ್ಷ ನಡೆದವನಿಗೆ ನಡೆಯಲು ಕಲಿಸುವುದೇನು ಅನ್ನಬೇಡಿ. ಲೈಟ್ ಇನ್‌ಫಂಟ್ರಿಯವರ ನಡಿಗೆ ನಿಮಿಷಕ್ಕೆ 140 ಹೆಜ್ಜೆ. ಆ ಓಟದಂಥ ನಡಿಗೆ ಮಾಮಾನನ್ನು ಸಾಯುವ ತನಕ ಬಿಡಲಿಲ್ಲ. ಪ್ಯಾಟಿಗೆ ಹೋದರೂ ಅದೇ, ಮಣ್ಣಿಗೆ ಹೋದರೂ ಅದೇ. ಹೆಣ ಹೊತ್ತವರಿಗಿಂತ ಮೊದಲು ಸ್ಮಶಾನ ಮುಟ್ಟಿ ಅಲ್ಲಿ ನಿಂತಿರುತ್ತಿದ್ದರು.

“ಲಗ್ನ ಆದ ಹೊಸದಾಗಿ ಇವರ ಬೆನ್ನ ಹಿಂದ ಓಡೂದ ಆತು ನಂದು,” ಅಂತ ಮಾಮಿ. “ಮಿರಜದಾಗ ಒಮ್ಮೆ ಸಂತಿಯೊಳಗ ನನ್ನ ಬಿಟ್ಟು ಸೀದಾ ಸ್ಟೇಷನ್ನಿಗೆ ಹೋಗಿ ಕುಂತಿದ್ರು. ಯಾಕ್ರಿ ಅಂದ್ರ, ‘ಹಿಂದ ಉಳದವರು ಸೀದಾ ಕೂಡೂ ಜಾಗಾಕ ಬರಬೇಕು’ ಅಂದ್ರು. ಅದು ಮಿಲ್ಟ್ರಿ ಕಾನೂನಂತ. ನಾ ಎಂದ ಮಿಲ್ಟ್ರಿ ಸೇರಿದ್ನಿ?”

ಆಗಿನ ಕಾಗದಗಳ ಮಾತು ಬಂದರೆ ಮಾಮಿ ಹುಣಸೆಹಣ್ಣು ಬಿಟ್ಟು ಮಾತಾಡುತ್ತಾರೆ. ಸಿಪಾಯಿಗೆ ತಾನಿರುವ ಊರಿನ ಹೆಸರು ಬರೆಯುವ ಹಾಗಿಲ್ಲ. ಅಂತರ್ದೇಶೀಯ ಪತ್ರದ ಹಿಂದೆ ನಂಬರು, ಹೆಸರು, ಪಲ್ಟಣ, ಕೇರ್ ಆಫ್ 99 ಎ.ಪಿ.ಓ. ಇಷ್ಟೇ. ಪೂರ್ವದ ಕಡೆಯ ಫೌಜಿನ ಟಪಾಲೆಲ್ಲ ಆ ಒಂದು ನಂಬರಿನ ಮೇಲೆ ಕಲ್ಕತ್ತೆಗೆ ಹೋಗಿ ಅಲ್ಲಿಂದ ಎಲ್ಲೆಲ್ಲಿಗೋ ಹರಡುತ್ತಿತ್ತು. ಮಾಮಿಯ ಅತ್ತೆ ಮಾತ್ರ 99 ಎ.ಪಿ.ಓ. ಅಂದರೆ ಒಂದು ಊರು ಅಂತಲೇ ನಂಬಿದ್ದರು. “ನನ ಮಗಾ ಎಪಿವೋದಾಗ ಅದಾನು, ಅಲ್ಲಿ ಥಂಡಿ ಭಾಳಂತ” ಅಂತ ಓಣಿಗೆಲ್ಲ ಹೇಳುತ್ತಿದ್ದರಂತೆ. ಕಾಗದ ಬಂದರೆ ಓದುವವರು ಸಾಲಿ ಮಾಸ್ತರು. ನಡುಮನೆಯಲ್ಲಿ ಅತ್ತೆ, ಮಾವ, ಮೈದುನರು, ಎದುರಿನ ಮನೆಯವರು; ಮಾಮಿ ಬಾಗಿಲ ಸಂದಿಯಲ್ಲಿ. ಎತ್ತಿನ ಯೋಗಕ್ಷೇಮ, ಮಳೆಯ ಯೋಗಕ್ಷೇಮ, ಗೌಡರ ಸಾಲದ ಯೋಗಕ್ಷೇಮ ಎಲ್ಲ ಮುಗಿದು ಕೊನೆಗೆ ‘ಉಳಿದವರಿಗೆಲ್ಲ ನಮಸ್ಕಾರ’ ಅಂತ ಇರುತ್ತಿತ್ತು.

“ಆ ಉಳದವರು ಅಂದ್ರ ನಾನು,” ಅಂದು ಮಾಮಿ ಹುಣಸೆಬೀಜ ಗೋಡೆಯಾಚೆ ಎಸೆದರು. ಅದು ನಮ್ಮ ಹಿತ್ತಲಲ್ಲಿ ಬಿತ್ತು.

1971ರಲ್ಲಿ ನಮ್ಮೂರ ಚಂಪಾಷಷ್ಠಿ ಮುಗಿದು, ಹೊಸ್ತಿಲ ಹುಣ್ಣಿಮೆಯೂ ಆಗ ತಾನೇ ಮುಗಿದಿತ್ತು. ಹುಣ್ಣಿಮೆಯ ಬೆಳದಿಂಗಳು ಇನ್ನೂ ಇದ್ದ ರಾತ್ರಿಯೇ ಪಾಕಿಸ್ತಾನದ ವಿಮಾನಗಳು ನಮ್ಮ ವಿಮಾನ ನಿಲ್ದಾಣಗಳ ಮೇಲೆ ಬಂದವು. ಊರಲ್ಲಿ ರೇಡಿಯೋ ಇದ್ದದ್ದು ಕೈಬೆರಳೆಣಿಕೆಯಷ್ಟು. ಧಾರವಾಡ ಹಚ್ಚಿದರೆ ಕನ್ನಡದ ಸುದ್ದಿ, ಸಾಂಗಲಿ ಹಚ್ಚಿದರೆ ಮರಾಠಿಯದು. ಮಂದಿ ಎರಡನ್ನೂ ಕೇಳುತ್ತಿದ್ದರು, ಒಂದರಲ್ಲಿ ಸೋತದ್ದು ಇನ್ನೊಂದರಲ್ಲಿ ಗೆದ್ದೀತೇನೋ ಅಂತ. ಹೆಸರಿಲ್ಲದ ಊರಲ್ಲಿರುವ ಗಂಡನ ಸುದ್ದಿ ಯಾವ ಸ್ಟೇಷನ್ನಿನಲ್ಲಿ ಬಂದೀತು? ಮಾಮಿ ಮಲ್ಲಯ್ಯನಿಗೆ ಭಂಡಾರ ಹರಕೆ ಹೊತ್ತರು. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿಯ ಕಾಗದಕ್ಕೆ ಸಹಿ ಬಿದ್ದು ಊರಲ್ಲಿ ಪೇಢೆ ಹಂಚಿದರು. ಮಾಮಿಯ ಮನೆಯಲ್ಲಿ ಹಂಚಲಿಲ್ಲ. ಕಾಗದ ಬಂದದ್ದು ಸಂಕ್ರಾಂತಿ ದಾಟಿದ ಮೇಲೆ.

“ಮಂದಿ ಹದಿಮೂರ ದಿನದ ಲಡಾಯಿ ಅಂತಾರು. ನನ್ನ ಲಡಾಯಿ ಎಳ್ಳಬೆಲ್ಲದ ಮಟಾ ನಡೀತು.”

ಈಗ ಚಹಾದಂಗಡಿಯ ಕಥೆಗೆ ಬರೋಣ. ಅದರಲ್ಲಿ ಕಟ್ಟಿದ್ದೆಷ್ಟು, ನಡೆದದ್ದೆಷ್ಟು ಅಂತ ನೋಡಬೇಕಲ್ಲ. ಮಾಮಾ ಇದ್ದದ್ದು 1 ಮರಾಠಾದಲ್ಲಿ, ಜಂಗಿ ಪಲ್ಟಣ ಅಂತ ಅದಕ್ಕೆ ಹೆಸರು. ಆ ಪಲ್ಟಣದ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ಕೆ. ಎಸ್. ಬ್ರಾರ್, 1984ರಲ್ಲಿ ಅಮೃತಸರದ ಆಪರೇಷನ್ ಬ್ಲೂಸ್ಟಾರ್ ನಡೆಸಿದ ಅದೇ ಬ್ರಾರ್. ಮೇಘಾಲಯದ ಕಡೆಯಿಂದ ಇಳಿದ ಇವರ ಬ್ರಿಗೇಡಿಗೆ ಎದುರಾದದ್ದು ಬ್ರಹ್ಮಪುತ್ರಾ ದಂಡೆಯ ಜಮಾಲಪುರ. ಊರಲ್ಲಿ ಪಾಕಿಸ್ತಾನದ 31 ಬಲೂಚ್ ಪಲ್ಟಣ ಬೀಡುಬಿಟ್ಟಿತ್ತು. ಮುಂದಿನಿಂದ ಹೋಗುವ ಬದಲು ನಮ್ಮವರು ನದಿಯನ್ನು ಬೇರೆ ಕಡೆ ನಾಡದೋಣಿಗಳಲ್ಲಿ ದಾಟಿ, ಸುತ್ತುಹಾಕಿ, ಊರ ಬೆನ್ನಿಗೆ ಹೋಗಿ ಟಾಂಗೈಲ್ ರಸ್ತೆಯ ಮೇಲೆ ಕೂತರು.

ಚಹಾದಂಗಡಿಯ ಇನ್ನೊಂದು ಕಥೆ, ಚೀಟಿಯದು, ನಡೆದದ್ದು ಇಲ್ಲಿಯೇ. ನಮ್ಮ ಬ್ರಿಗೇಡಿಯರ್ ಹರದೇವ್ ಸಿಂಗ್ ಕ್ಲೇರ್, ನೀವು ಸುತ್ತಲೂ ಸಿಕ್ಕಿಬಿದ್ದಿದ್ದೀರಿ, ಶರಣಾಗಿ ಅಂತ ಬರೆದು ಒಳಗೆ ಕಳಿಸಿದರು. ಬಲೂಚ್ ಪಲ್ಟಣದ ಲೆಫ್ಟಿನೆಂಟ್ ಕರ್ನಲ್ ಸುಲ್ತಾನ್ ಅಹ್ಮದ್, ಪೆನ್ನು ಬಿಟ್ಟು ಸ್ಟೆನ್ ಹಿಡಿದು ಬನ್ನಿ ಅನ್ನುವ ಅರ್ಥದ ಉತ್ತರ ಬರೆದು, ಆ ಚೀಟಿಯಲ್ಲಿ ಒಂದು ಗುಂಡು ಸುತ್ತಿ ತಿರುಗಿ ಕಳಿಸಿದರು. ಇದು ಅಕ್ಷರಶಃ ನಡೆದದ್ದು. ನಮ್ಮ ಚಹಾದಂಗಡಿಯಲ್ಲಿ ಆ ಚೀಟಿಯನ್ನು ಒಯ್ದವರೂ ಮಾಮಾ, ತಂದವರೂ ಮಾಮಾ. ನಿಜವಾಗಿ ಜೀವ ಕೈಯಲ್ಲಿ ಹಿಡಿದು ಹೋಗಿ ಬಂದವನು ಅಲ್ಲಿನವನೇ ಒಬ್ಬ ಮುಕ್ತಿವಾಹಿನಿಯ ಮನುಷ್ಯ. ಆ ಹೊತ್ತಿಗೆ ಮಾಮಾ ಮೈಲುಗಟ್ಟಲೆ ದೂರದಲ್ಲಿ ಗುಂಡಿ ತೋಡುತ್ತಿದ್ದರು. ಚೀಟಿಯ ವಿಷಯ ಅವರಿಗೆ ಗೊತ್ತಾದದ್ದೇ ಲಡಾಯಿ ಮುಗಿದ ಮೇಲೆ.

10ರ ರಾತ್ರಿ ಒಳಗಿದ್ದವರು ಮುತ್ತಿಗೆ ಒಡೆದು ಹೊರಡಲು ನೋಡಿದರು, ಸೀದಾ 1 ಮರಾಠಾದ ಮೇಲೆ ಬಂದರು. ಬೆಳಗಾಗುವ ಹೊತ್ತಿಗೆ ಜಮಾಲಪುರ ನಮ್ಮದಾಗಿತ್ತು. ಆ ರಾತ್ರಿಯನ್ನು ಮಾಮಾ ಮುಚ್ಚಿಡುತ್ತಿರಲಿಲ್ಲ, ಕೇಳಿದರೆ ಹೇಳುತ್ತಿದ್ದರು. ಆದರೆ ಹೇಳುವುದು ಕೇಳಿದವರಿಗೆ ಬೇಕಾದದ್ದಾಗಿರುತ್ತಿರಲಿಲ್ಲ. ಅವರ ಜಮಾಲಪುರದಲ್ಲಿ ಮೊದಲು ಬರುವುದು ಪಾದ. ನದಿ ದಾಟುವಾಗ ಬೂಟಿನಲ್ಲಿ ನೀರು ಹೋಗಿ, ಕಾಲ್ಚೀಲ ಬದಲಿಸಲು ಹೊತ್ತಿಲ್ಲದೆ, ಬೆರಳ ಸಂದಿಯ ಚರ್ಮ ಬಿಳುಪೇರಿ ಸುಲಿಯುತ್ತಿತ್ತಂತೆ. ಆಮೇಲೆ ಬರುವುದು ಶಕ್ಕರಪಾರೆ. ಫೌಜಿನಲ್ಲಿ ದಾರಿಬುತ್ತಿಗೆ ಕೊಡುವ, ನಮ್ಮ ಶಂಕರಪೋಳಿಯ ಅಣ್ಣನಂಥದ್ದು. ಪ್ರತಿ ದೀಪಾವಳಿಗೆ ಮಾಮಿ ಶಂಕರಪೋಳಿ ಮಾಡಿದರೆ ಮಾಮಾ ಒಂದನ್ನು ಎತ್ತಿ ಈ ಗೋಡೆಯ ಕಲ್ಲಿಗೆ ಟಕಟಕ ಬಡಿದು ನೋಡಿ, “ಮೆತ್ತಗಾತು. ಬ್ರಹ್ಮಪುತ್ರಾ ದಾಟಂಗಿಲ್ಲ ಇದು” ಅನ್ನುತ್ತಿದ್ದರು. ಮಾಮಿ ಡಬ್ಬಿ ಕಸಿದುಕೊಂಡು ನಮ್ಮ ಕಡೆ ಕೊಡುತ್ತಿದ್ದರು. ನಮ್ಮ ಮನೆಯ ಮಕ್ಕಳ ಪಾಲಿಗೆ 71ರ ವಿಜಯದ ಫಲ ಅಂದರೆ ಅದೇ.

ಮತ್ತೊಂದು ಗ್ರೌಂಡ್‌ಶೀಟಿನ ಕಥೆ. ನೆಲಕ್ಕೆ ಹಾಸುವ, ಮಳೆ ಬಂದರೆ ಹೊದೆಯುವ ರಬ್ಬರಿನ ಹಾಸು. ಡೋಣಿ ವಾಲಿದಾಗ ಮಾಮಾನದು ನದಿಗೆ ಹೋಯಿತು. ಲಡಾಯಿ ಗೆದ್ದು, ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಸಾಮಾನು ಎಣಿಸುವಾಗ ಒಂದು ಕಡಿಮೆ. “ಢಾಕಾ ಬಿತ್ತು, ನನ್ನ ಎದಿ ಹೊಡಕೊಳ್ಳೂದು ಅವತ್ತ ಚಾಲೂ ಆತು” ಅಂತ ಮಾಮಾ. ಪಗಾರದಲ್ಲಿ ಕಡಿಯುತ್ತಾರೆ ಅಂತ ಯಾರೋ ಹೆದರಿಸಿದ್ದರು. ಕೊನೆಗೆ ಅದನ್ನು ಲಡಾಯಿಯ ಲುಕ್ಸಾನಿನ ಖಾತೆಗೆ ಬರೆದು ಬಿಟ್ಟರು. ಈ ಕಥೆಯನ್ನು ಮಾಮಾ ಹೇಳುತ್ತಿದ್ದ ರೀತಿಯಲ್ಲಿ ಎದುರು ಪಲ್ಟಣಕ್ಕಿಂತ ಸ್ಟೋರಿನ ಹವಾಲ್ದಾರನ ಪಾತ್ರವೇ ದೊಡ್ಡದು.

ನನಗೆ ಭಾಳ ಇಷ್ಟವಾದದ್ದು ಪೂಂಗ್ಲಿ ಸೇತುವೆಯ ಸಂಗತಿ. ಡಿಸೆಂಬರ್ 11ಕ್ಕೆ ಟಾಂಗೈಲ್ ಹತ್ತಿರ 2 ಪ್ಯಾರಾ ಪಲ್ಟಣವನ್ನು ವಿಮಾನದಿಂದ ಇಳಿಸಿದ್ದರು. ಮರುದಿನ ಸಂಜೆ 1 ಮರಾಠಾ ಅವರನ್ನು ಹೋಗಿ ಕೂಡಿಕೊಂಡಿತು. ಆ 2 ಪ್ಯಾರಾ ಮೂಲದಲ್ಲಿ ಮರಾಠಾ ರೆಜಿಮೆಂಟಿನದೇ ಪಲ್ಟಣ. ಕತ್ತಲಲ್ಲಿ ಎದುರಿಗಿರುವವರು ಯಾರು ಅಂತ ತಿಳಿಯದೆ ಇವರು ಬಂದೂಕು ಹಿಡಿದು ಕೂತಾಗ ಸೇತುವೆಯ ಕಡೆಯಿಂದ ಯಾರೋ ಮುಗ್ಗರಿಸಿ ಬಿದ್ದು ಮರಾಠಿಯಲ್ಲಿ ತಾಯಿ-ಅಕ್ಕ ಅಂತ ಬೈದರಂತೆ. “ಆ ಬೈಗಳಾ ಕೇಳಿ ಜೀವ ಬಂತ ನೋಡು. ಇಂಥಾ ಬೈಗಳಾ ಸಾಂಗಲಿ ಈಚೆಗಿನಾವ ಬೈತಾನು, ಪಾಕಿಸ್ತಾನದಾಂವಗ ಎಲ್ಲಿ ಬರತೈತಿ?” ಅನ್ನುತ್ತಿದ್ದರು ಮಾಮಾ. ಸಂಕೇತ ಶಬ್ದ ಗಿಬ್ದ ಎಲ್ಲ ಇದ್ದೇ ಇದ್ದವು. ಮಾಮಾನ ನೆನಪಿನಲ್ಲಿ ಉಳಿದದ್ದು ಬೈಗುಳ.

ಮಾತಿನ ವಿಷಯ ಬಂತು. ಮಾಮಾ ಎತ್ತಿನ ಜೊತೆ ಕನ್ನಡದಲ್ಲಿ, ಮಾಮಿಯ ಮೇಲೆ ಸಿಟ್ಟು ಬಂದರೆ ಮರಾಠಿಯಲ್ಲಿ, ನಾಯಿ ಮತ್ತು ಟ್ರ್ಯಾಕ್ಟರ್ ಡ್ರೈವರುಗಳ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ನಿವೃತ್ತರಾಗಿ ಬಂದ ಮೇಲೆ ಕೆಲ ವರ್ಷ ಸಕ್ಕರೆ ಕಾರ್ಖಾನೆಯೊಂದರ ಗೇಟಿನಲ್ಲಿ ಕೆಲಸ. ಹಂಗಾಮಿನಲ್ಲಿ ಕಬ್ಬಿನ ಗಾಡಿ ಮೈಲುದ್ದ ನಿಲ್ಲುತ್ತವೆ, ನಿಮಗೆ ಗೊತ್ತು. ಅವನ್ನು ಮಾಮಾ ಮೂರು ಸಾಲು ಮಾಡಿ, ಒಂದರ ಗಾಲಿಯ ನೇರಕ್ಕೆ ಇನ್ನೊಂದರ ಗಾಲಿ ಬರುವ ತನಕ ಬಿಡುತ್ತಿರಲಿಲ್ಲ. ಡ್ರೈವರುಗಳು ಶಾಪ ಹಾಕುತ್ತಲೇ ಸಾಲು ಹಿಡಿಯುತ್ತಿದ್ದರು. ಯಾರೂ ಎದುರಾಡಿದ್ದಿಲ್ಲ. ಕಾರಣ ಮತ್ತೆ ಆ ಹದಿಮೂರು ದಿನವೇ. ಚಹಾದಂಗಡಿಯ ಕಥೆ ಕಾರ್ಖಾನೆಯ ಗೇಟಿನ ತನಕವೂ ಹೋಗಿ ಮುಟ್ಟಿತ್ತು. ಕಥೆಯಿಂದ ಮಾಮಾಗೆ ಆದ ಲಾಭ ಅಂದರೆ ಅದೊಂದು.

ಲುಕ್ಸಾನೂ ಆಯಿತು. ಬೆಳಗಾವಿ ಕ್ಯಾಂಟೀನಿನ ರಮ್ಮು! ಮಾಜಿ ಸೈನಿಕನ ಕಾರ್ಡಿಗೆ ತಿಂಗಳಿಗೆ ಇಂತಿಷ್ಟು ಬಾಟಲಿ ಅಂತ ಕೋಟಾ ಇರುತ್ತದೆ. ಮಾಮಾ ಕುಡಿಯುತ್ತಿದ್ದದ್ದು ಬಾಟಲಿಯ ಮುಚ್ಚಳದಲ್ಲಿ ಅಳೆದು, ಅದೂ ಚಳಿಗಾಲದಲ್ಲಿ. ಮಿಕ್ಕಿದ್ದಕ್ಕೆ ಊರೆಲ್ಲ ವಾರಸುದಾರರು. ಸರ್ವೆಗೆ ಬಂದವನಿಗೊಂದು, ಟ್ರಾನ್ಸ್‌ಫಾರ್ಮರ್ ಸುಟ್ಟರೆ ಬಂದವನಿಗೊಂದು. “ಮಾಮಾ, ಮಿಲ್ಟ್ರಿದು ಅಸಲ ಇರತೈತಿ” ಅಂತ ಸಂಜೆ ಬಂದು ಕೂತವರು ಜಮಾಲಪುರದ ಕಥೆ ಕೇಳುವ ನೆಪ ಮಾಡುತ್ತಿದ್ದರು. ಮಾಮಿಗೆ ಇದೆಲ್ಲ ತಿಳಿಯುತ್ತಿತ್ತು. ಒಂದು ಬಾಟಲಿ ಬಚ್ಚಿಟ್ಟು ತಮ್ಮ ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದರು. ಆ ರಮ್ಮಿನ ಸರಿಯಾದ ಉಪಯೋಗ ಅದೊಂದೇ ಅಂತ ನನ್ನ ಅಭಿಪ್ರಾಯ.

ಆಗಸ್ಟ್ 15 ಬಂದರೆ ಸಾಲಿಯವರಿಗೆ ಮಾಮಾ ಬೇಕು. ಶಾಲು, ತೆಂಗಿನಕಾಯಿ, ಪ್ಲಾಸ್ಟಿಕ್ ಖುರ್ಚಿ. ಪ್ರತಿವರ್ಷ “ಎರಡ ಮಾತ ಮಾತಾಡ್ರಿ, ಲಡಾಯಿದು” ಅನ್ನುವರು, ಮಾಮಾ ಏನೂ ಹೇಳದೆ ಸಲಾಮು ಹೊಡೆದು ಕೂರುವರು. ಒಂದು ವರ್ಷ ಅದೇನಾಯಿತೋ ಮೈಕು ಹಿಡಿದರು. ಮಕ್ಕಳು ಗುಂಡಿನ ಸದ್ದಿಗೆ ಕಾದು ಕೂತಿದ್ದಾರೆ. ಮಾಮಾ ಪಾಯಖಾನೆಯಿಂದ ಶುರು ಮಾಡಿದರು. ಕ್ಯಾಂಪು ಹಾಕಿದ ಕೂಡಲೇ ಮೊದಲು ಸಂಡಾಸಿನ ಗುಂಡಿ ತೋಡಬೇಕು, ಅಡಿಗೆಮನೆಯಿಂದ ದೂರ ಇರಬೇಕು, ಗಾಳಿ ಯಾವ ಕಡೆಯಿಂದ ಬೀಸುತ್ತದೆ ನೋಡಬೇಕು, ಒಬ್ಬೊಬ್ಬ ಹೋಗಿ ಬಂದ ಮೇಲೂ ಮಣ್ಣು ಎಳೆಯಬೇಕು, ಇಲ್ಲವಾದರೆ ವೈರಿ ಬೇಕಿಲ್ಲ, ನೊಣವೇ ಪಲ್ಟಣ ಮಲಗಿಸುತ್ತದೆ. ಆಮೇಲೆ ಉಗುರು. ಆಮೇಲೆ ಕಾಲ್ಚೀಲ. ಮಕ್ಕಳು ನಕ್ಕು ನಕ್ಕು ಸಾಕಾದರು, ವೇದಿಕೆಯ ಮೇಲಿದ್ದ ದೊಡ್ಡವರ ಮುಖ ಕೆಂಪಗಾಯಿತು. ಮರುವರ್ಷ ಶಾಲು ಮಾತ್ರ ಬಂತು, ಮೈಕು ಬರಲಿಲ್ಲ. ಅದು ನಾನು ಕೇಳಿದ ಅತ್ಯುತ್ತಮ ಸ್ವಾತಂತ್ರ್ಯ ದಿನದ ಭಾಷಣ. ಸಾವಿರಾರು ಸಿಪಾಯಿಗಳನ್ನು ಜೀವಂತ ಇಟ್ಟ ವಿದ್ಯೆಯನ್ನು ಆ ಮನುಷ್ಯ ಕಾಲು ತಾಸಿನಲ್ಲಿ ಹೇಳಿಬಿಟ್ಟಿದ್ದರು. ನಮಗೆ ಬೇಕಾಗಿದ್ದದ್ದು ಕೊಂದ ವಿದ್ಯೆ.

ಮಾಮಾನ ಪದಕಗಳು ಟ್ರಂಕಿನಲ್ಲಿದ್ದವು. ಕರಿಯ ಕಬ್ಬಿಣದ ಟ್ರಂಕು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಒಳಗೆ ಬೀಜದ ರಸೀದಿ, ಉಣ್ಣೆಯ ಟೋಪಿ, ಎನಾಮೆಲ್ ಮಗ್ಗು, ಮಲ್ಲಯ್ಯನ ಭಂಡಾರದ ಪುಡಿಕೆ. ಆ ಅರಿಷಿಣ ಎಲ್ಲದಕ್ಕೂ ಹತ್ತಿದೆ. ಒಂದು ಬಟ್ಟೆಯಲ್ಲಿ ಸುತ್ತಿದ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್. ಮೊದಲನೆಯದು 71ರಲ್ಲಿ ಪೂರ್ವದ ರಂಗದಲ್ಲಿದ್ದವರಿಗೆ ಕೊಟ್ಟದ್ದು. ಪದಕವನ್ನು ಮುಖ ನೋಡಿ ಇಟ್ಟುಬಿಡುತ್ತೇವೆ. ಅದರ ಅಂಚು ನೋಡಬೇಕು. ಅಂಚಿನಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ ನಂಬರು, ದರ್ಜೆ, ಹೆಸರು ಕೊರೆದಿರುತ್ತದೆ. ಮಾಮಾನ ಹೆಸರಿನಲ್ಲಿ ಒಂದು ಅಕ್ಷರವೇ ಬೇರೆಯಾಗಿತ್ತು. ತೋರಿಸಿದರೆ ಮಾಮಾ, “ನಂಬರ ಬರೋಬ್ಬರಿ ಐತಿಲ್ಲೋ? ಸಾಕು. ಫೌಜಿನ್ಯಾಗ ಹೆಸರ ಹಿಡದ ಕರಿಯೂದು ಬೈಯಾಕ ಅಷ್ಟ” ಅಂದರು.

ಹಳೆ ಮುಂಬಯಿ ಪ್ರಾಂತದ ಊರುಗಳಲ್ಲಿ ಮೊದಲ ಮಹಾಯುದ್ಧದ ಫಲಕಗಳನ್ನು ಇನ್ನೂ ಕಾಣಬಹುದು. 1914ರಿಂದ 1919ರ ಯುದ್ಧಕ್ಕೆ ಈ ಊರಿನಿಂದ ಇಷ್ಟು ಜನ ಹೋದರು, ಅದರಲ್ಲಿ ಇಷ್ಟು ಜನ ಪ್ರಾಣ ಕೊಟ್ಟರು ಅಂತ ಕಲ್ಲಿನಲ್ಲಿ ಕೆತ್ತಿರುತ್ತದೆ. ಸಂಖ್ಯೆ ಇದೆ, ಹೆಸರಿಲ್ಲ. ಸಾತಾರಾ ಜಿಲ್ಲೆಯ ಅಪಶಿಂಗೆ ಎಂಬ ಊರಿಂದ ಆ ಯುದ್ಧಕ್ಕೆ ಹೋಗಿ ಸತ್ತವರು 46 ಮಂದಿ ಅನ್ನುತ್ತಾರೆ. ಮರಾಠಾ ರೆಜಿಮೆಂಟಿನ ಮೂರು ಪಲ್ಟಣಗಳು 1915ರ ಡಿಸೆಂಬರಿನಿಂದ 1916ರ ಏಪ್ರಿಲ್ ತನಕ ಇರಾಕಿನ ಕೂತ್ ಎಂಬಲ್ಲಿ ಮುತ್ತಿಗೆಯೊಳಗೆ ಸಿಕ್ಕು ಹಸಿದು ಕೂತಿದ್ದವು. ಕೊನೆಗೆ ಕುದುರೆ ಮಾಂಸ ಕೊಟ್ಟಾಗ ನಮ್ಮ ಎಷ್ಟೋ ಸಿಪಾಯಿಗಳು ಭಾಳ ದಿನ ಮುಟ್ಟಲಿಲ್ಲ, ಊರಿಗೆ ಹೋದರೆ ಜಾತಿಯವರು ಏನಂದಾರು ಅಂತ. ಅವರಲ್ಲಿ ಅಥಣಿ ಕಡೆಯ, ಚಿಕ್ಕೋಡಿ ಕಡೆಯ ಹುಡುಗನೊಬ್ಬ ಏನು ತಿಂದ, ಯಾರಿಗೆ ಏನು ಬರೆಸಿದ ಅಂತ ಕೇಳುವವರಿಗೆ ಆ ಫಲಕ ಏನು ಹೇಳೀತು? ಅಜ್ಜ ಹೇಳಿದ್ದ, ಅಪ್ಪ ಕೇಳಿದ್ದ, ಅಲ್ಲಿಗೆ ಮುಗಿಯಿತು. ಈಗ 71ರವರ ಸರದಿ. ಅವತ್ತು ಇಪ್ಪತ್ತು ತುಂಬಿದ್ದವರಿಗೆ ಈಗ ಎಪ್ಪತ್ತೈದರ ಆಸುಪಾಸು.

ಸತ್ತು ಹೋದವರ ಹೆಸರು ದಿಲ್ಲಿಯ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಯ ಮೇಲಿದೆ, 2019ರಿಂದ. ಬದುಕಿ ಬಂದವರ ಹೆಸರು ಇರುವುದು ಪಿಂಚಣಿಯ ಕಾಗದದಲ್ಲಿ. ಅದಕ್ಕೆ ಪ್ರತಿವರ್ಷ ನಾನು ಜೀವಂತ ಇದ್ದೇನೆ ಅಂತ ತೋರಿಸಬೇಕು. ಮೊದಲೆಲ್ಲ ನವೆಂಬರ್ ಬಂದರೆ ಮಾಮಾ ದಾಡಿ ಮಾಡಿಕೊಂಡು, ಟೋಪಿ ಹಾಕಿಕೊಂಡು ಬ್ಯಾಂಕಿಗೆ ಹೋಗಿ ಮ್ಯಾನೇಜರರ ಮುಂದೆ ಸಾವಧಾನದಲ್ಲಿ ನಿಂತು “ಜಿಂದಾ ಹೂಂ ಸಾಬ್” ಅನ್ನುತ್ತಿದ್ದರು. ಆಮೇಲೆ ಬೆರಳಚ್ಚಿನ ಯಂತ್ರ ಬಂತು, ಆಮೇಲೆ ಮೊಬೈಲು ಬಂತು. ಮೊಮ್ಮಗ ಮೊಬೈಲು ಹಿಡಿದು ಕಣ್ಣು ಪಿಳುಕಿಸು ಅಜ್ಜಾ ಅಂದರೆ ಮಾಮಾಗೆ ಅದೊಂದು ಅವಮಾನ. “ಕಣ್ಣ ಹೊಡದ್ರ ರೊಕ್ಕಾ ಕೊಡತಾರ? ಎಂಥಾ ಫೌಜೋ ಇದು!”

ಹೋದ ವರ್ಷ ಮಾಮಾ ಹೋದರು. ಅಲ್ಲಿಂದ ಶುರುವಾಯಿತು ಮಾಮಿಯ ಎರಡನೇ ಲಡಾಯಿ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಲಗ್ನದಲ್ಲಿ ಹೊಸ ಹೆಸರಿಡುವ ಪದ್ಧತಿ ಇದೆಯಲ್ಲ. ಮಾಮಿಗೆ ತವರಿನದೊಂದು ಹೆಸರು, ಅಕ್ಕಿಯಲ್ಲಿ ಬರೆದ ಹೆಸರೊಂದು, ಕರೆಯುವ ಹೆಸರು ಮತ್ತೊಂದು. ಮಾಮಾನ ಲಗ್ನದ ಸುದ್ದಿ ಪಲ್ಟಣಕ್ಕೆ ಹೋಗಿ ಪಾರ್ಟ್ ಟೂ ಆರ್ಡರಿನಲ್ಲಿ ನಮೂದಾದಾಗ ಬಿದ್ದದ್ದು ತವರಿನ ಹೆಸರು. ಆಧಾರ್‌ನಲ್ಲಿರುವುದು ಅಕ್ಕಿಯ ಹೆಸರು. ಬ್ಯಾಂಕಿನಲ್ಲಿ ಕರೆಯುವ ಹೆಸರು. ಹುಟ್ಟಿದ ತಾರೀಖು ಒಂದೊಂದರಲ್ಲಿ ಒಂದೊಂದು, ನಿಜವಾದದ್ದು ಯಾವುದರಲ್ಲೂ ಇಲ್ಲ. ಮಾಮಿ ಹುಟ್ಟಿದ್ದು ಶೀಗಿ ಹುಣ್ಣಿಮೆಗೆ, ಅಷ್ಟೇ ಗೊತ್ತು. ಮೂರು ಹೆಸರಿನ ಒಬ್ಬ ಹೆಂಗಸು ಒಬ್ಬ ಮನುಷ್ಯನ ಹೆಂಡತಿ ಅಂತ ಸಾಬೀತು ಮಾಡಲು ಅಫಿಡವಿಟ್ಟು, ಪಂಚಾಯತಿಯ ದಾಖಲೆ, ಫೋಟೋ, ಸಾಕ್ಷಿ. ಒಂದು ಕಚೇರಿಯವರು ಇನ್ನೊಂದು ಕಚೇರಿಗೆ, ಆ ಕಚೇರಿಯವರು ಕಂಪ್ಯೂಟರಿಗೆ ಕೈ ತೋರಿಸುವರು.

“ಐವತ್ತ ವರ್ಷ ಇವರ ಹಿಂದ ಓಡೇನಿ,” ಅಂತ ಮಾಮಿ ಒಂದು ದಿನ ಗೋಡೆಗೆ ಕೈಯೂರಿ ನಿಂತು ಅಂದರು. “ಅವಾಗ ಯಾರೂ ನೀ ಯಾರು ಅಂತ ಕೇಳ್ಲಿಲ್ಲ. ಈಗ ಕೇಳಾಕತ್ತಾರು.”

“ಮಾಮಾ ಇದ್ದಾಗ ತಿದ್ದಿಸಬೇಕಾಗಿತ್ತರಿ ಮಾಮಿ.”

“ಹೇಳಿದ್ನಿ. ‘ನಂಬರ ಬರೋಬ್ಬರಿ ಐತಿ, ಸುಮ್ಮ ಕುಂದ್ರು’ ಅಂದ್ರು.”

ಅಂತೂ ಯುಗಾದಿಯ ಹೊತ್ತಿಗೆ ಕುಟುಂಬ ಪಿಂಚಣಿ ಬಂತು. ಬೆಳಗಾವಿಯಲ್ಲಿ ಮಾಜಿ ಸೈನಿಕರೊಬ್ಬರು ಕುರ್ಚಿ ಎಳೆದು ಮಾಮಿಯನ್ನು ಕೂರಿಸಿ, ಕಾಗದ ಒಂದೊಂದೇ ಜೋಡಿಸಿಕೊಟ್ಟರು. ಅವರೂ ಇವರನ್ನು ಕೇಳಿದ್ದು ಒಂದೇ: “ಅಕ್ಕಾರ, ಸಾಹೇಬ್ರು ಜಮಾಲಪುರದಾಗ ಇದ್ರಂತಲ್ಲ, ನದಿ ಈಸಿ ದಾಟಿದ್ದು ಖರೇನ?” ಮಾಮಿ ಕೆಲಸ ಆಗಬೇಕಲ್ಲ ಅಂತ ಹೂಂ ಅಂದು ಬಂದಿದ್ದಾರೆ. ಕಥೆ ಈಗ ಮಾಮಿಯ ಸಾಕ್ಷಿ ಪಡೆದು ಪಕ್ಕಾ ಆಯಿತು. ಇನ್ನು ಮಾಮಾನನ್ನು ಆ ನದಿಯಿಂದ ಮೇಲೆತ್ತುವುದು ನನ್ನಿಂದಲೂ ಆಗದ ಮಾತು.

ನಿಮ್ಮ ಮನೆಯಲ್ಲೋ ಓಣಿಯಲ್ಲೋ ಇಂಥ ಹಿರಿಯರೊಬ್ಬರು ಇದ್ದರೆ, ಗುಂಡಿನ ಕಥೆ ಎಲ್ಲರೂ ಕೇಳಿದ್ದಾಗಿದೆ, ನೀವು ಊಟದ್ದು, ಬೂಟಿನದು, ಸೂಟಿಯದು ಕೇಳಿ. ಹೇಳಿದ್ದನ್ನು ಹೇಳಿದ ಹಾಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅದಕ್ಕಿಂತ ಮೊದಲು ಟ್ರಂಕು ತೆಗೆಸಿ, ಪಿಂಚಣಿ ಆದೇಶದಲ್ಲೂ ಡಿಸ್ಚಾರ್ಜ್ ಬುಕ್ಕಿನಲ್ಲೂ ಹೆಂಡತಿಯ ಹೆಸರು, ಹುಟ್ಟಿದ ತಾರೀಖು ಆಧಾರ್‌ನಲ್ಲಿ ಇದ್ದ ಹಾಗೆಯೇ ಇವೆಯೋ ನೋಡಿ. ಬೇರೆ ಇದ್ದರೆ ಆ ಹಿರಿಯರು ಸಹಿ ಮಾಡುವ ಹಾಗಿರುವಾಗಲೇ ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋಗಿ. ಜೆರಾಕ್ಸ್ ಜೊತೆಗೆ ಮೂಲ ಕಾಗದವನ್ನೂ ಒಯ್ಯಿರಿ.